ಕೋಳಿ ಸಾರಿಗೆ ಬಿದ್ದ ಒಡೆದ ಹಾಲು

ಗೆಳತಿಯರೇ, ಇವತ್ತು ನನ್ನ ಸೊಸೆ ಯಲ್ಲವ್ವ ಒಡೆದ ಹಾಲಿನ ಗಡ್ಡೆಯನ್ನು ಹೋಳು ಮಾಡಿ ಕೋಳಿ ಸಾರಿಗೆ ಹಾಕಿಬಿಟ್ಟಳು. ನಮ್ಮ ಮನೆಯಲ್ಲಿ ಕೋಳಿ ಬೇಯುವುದು ಹಿತ್ತಲ ಒಲೆಯ ಮೇಲೆ, ಹಾಲು ಇಡುವುದು ಒಳಗೆ, ದೇವರ ಜಗಲಿಯ ಬಾಜೂ. ಅವೆರಡೂ ಕೂಡಿದ್ದನ್ನು ನಾನೆಂದೂ ಕಂಡಿರಲಿಲ್ಲ.

“ದೇವರ ಹಾಲು ಅಲ್ಲೇನ ಅದು?” ಎಂದು ಚೀರಿದೆ.

“ಒಡದದ್ದು ದೇವರಿಗೆ ನಡಿಯಂಗಿಲ್ಲ ಅಂತ ನೀವ ಅಂದ್ರಿ, ಅತ್ತಿ. ಈ ಯುದ್ಧದ ತುಟ್ಟಿಯೊಳಗ ಇರೂದು ಒಂದ ಕೋಳಿ. ಬೀಗರು ಬೇರೆ ಬಂದಾರ. ಗಂಡಸರು ಉಂಡ ಮ್ಯಾಲ ನಮಗ ಬರೇ ರಸಾ ಉಳಿತೈತಿ. ಇವತ್ತರ ಹಲ್ಲಿಗೆ ಏನರ ಸಿಗಲಿ ಬಿಡ್ರಿ!”

ಮದುವೆಯಾಗಿ ಬಂದಾಗಿನಿಂದ ನಾನೂ ಬರೀ ರಸದಲ್ಲಿ ರೊಟ್ಟಿ ಅದ್ದಿಕೊಂಡು ಉಂಡವಳೇ. ಸಾಲದೆಂದು ಬಾಯಿ ಬಿಟ್ಟು ಹೇಳಬಹುದೆಂದು ತಿಳಿದಿರಲಿಲ್ಲ.

ಪಂಕ್ತಿಯಲ್ಲಿ ಬೀಗರು ಬೆರಳು ನೆಕ್ಕುತ್ತ ಕೇಳಿದರು: “ಈ ಬಿಳೀ ಹೋಳು ಭಾಳ ಮೆತ್ತಗ ಅದಾವ್ರಿ, ಅಕ್ಕಾರ. ಇನ್ನಷ್ಟ ಹಾಕ್ರಿ.”

ಸೊಸೆಯ ಮುಖ ಬಾಡಿತು. ಗಡಿಗೆಯಲ್ಲಿ ಇನ್ನೂ ಅರ್ಧದಷ್ಟಿತ್ತು.

“ಎಲ್ಲಾ ತೀರಿದವ್ರಿ,” ಎಂದೆ ನಾನು.

ಆಮೇಲೆ ಅತ್ತೆ, ಸೊಸೆ ಹಿತ್ತಲಲ್ಲಿ ಕುಳಿತು ಹೊಟ್ಟೆ ತುಂಬ ಉಂಡೆವು. ಆ ಸುಳ್ಳಿಗೆ ನಾಳೆ ಮಿಂದು ದೇವರಿಗೆ ಅಡ್ಡ ಬೀಳುತ್ತೇನೆ. ಇವತ್ತು ಬಗ್ಗಲು ಆಗುತ್ತಿಲ್ಲ.