ಪುಷ್ಪಕ್ಕನ ಸುಗ್ಗಿ

ಎಡನೀರಿನ ಸಭೆಯೊಂದರಲ್ಲಿ ಭಾಷಣಕಾರರೊಬ್ಬರು ನನ್ನತ್ತ ಕೈ ತೋರಿಸಿ, "ಕ್ಲೆಟಸರು ಅರುವತ್ತೈದು ವಸಂತಗಳನ್ನು ಕಂಡವರು" ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಾರಡ್ಕದ ಕಡೆ ವಸಂತ ಅಂದರೆ ಸನ್ಮಾನಪತ್ರದ ಮಾತು. ಬಾಯಲ್ಲಿ ಓಡಾಡುವುದು ಸುಗ್ಗಿ. ಅದು ತಿಂಗಳ ಹೆಸರೂ ಹೌದು, ಆ ಕಾಲದ ಭತ್ತದ ಬೆಳೆಯೂ ಹೌದು. ಯಾರಿಗಾದರೂ ಅದೃಷ್ಟ ಕುದುರಿದರೆ, "ನಿನಗೆ ಸುಗ್ಗಿ ಮಾರಾಯ!" ಅಂತ ಹೊಟ್ಟೆ ಉರಿಸಿಕೊಳ್ಳುತ್ತೇವೆ. ಜ್ವರ ಬಿಟ್ಟು ಎದ್ದವನನ್ನು "ಚಿಗುರಿದ" ಅನ್ನುತ್ತೇವೆ. ಮಾತಿಗೇನು ಬರವಿಲ್ಲ. ಸುಗ್ಗಿ ಬೆಳೆಯುವವಳು ಮಾತ್ರ ನಮ್ಮಲ್ಲಿ ಒಬ್ಬಳೇ ಉಳಿದಿದ್ದಳು, ನನ್ನ ನೆರೆಮನೆಯ ಪುಷ್ಪಾವತಿ.

ಅವಳ ಹತ್ತಿರ ಅತ್ತೆ ಕೊಟ್ಟ ಕೆಂಪು ಭತ್ತದ ಬೀಜವಿತ್ತು. ಸುಗ್ಗಿಗೆ ಮಾತ್ರ ಬರುವ ತಳಿ. ಒಂದು ವರ್ಷ ಬಿತ್ತದಿದ್ದರೆ ಅದು ಮತ್ತೆ ಮೊಳೆಯುವುದಿಲ್ಲ, ಸಾಲ ಕೇಳೋಣವೆಂದರೆ ಬೇರೆ ಯಾರ ಮನೆಯಲ್ಲೂ ಇಲ್ಲ. ಬೆಳೆಗೆ ನೀರು ಬೇಕಾದರೆ ಕಲ್ಲು, ಸೊಪ್ಪು, ಮಣ್ಣು ಸೇರಿಸಿ, ಗದ್ದೆಗಳ ನಡುವೆ ಹರಿಯುವ ಹಳ್ಳಕ್ಕೆ, ಅಂದರೆ ನಮ್ಮ ತೋಡಿಗೆ, ಅಡ್ಡ ಕಟ್ಟ ಹಾಕಬೇಕು. ಅದಕ್ಕೆ ಮನೆಗೊಬ್ಬರು ಹೋಗುವುದು ಹಿಂದಿನಿಂದ ಬಂದ ಕ್ರಮ. ಈಗ ಕ್ರಮ ಯಾರಿಗೆ ಬೇಕು? ತೋಡಿನ ಮೇಲಿನ ಬದಿಯ ಗುಣಪಾಲನನ್ನು ಕರೆದರೆ, "ನನಗೆ ಎಂತಕ್ಕೆ ಕಟ್ಟ? ಬೋರ್‌ವೆಲ್ ಉಂಟು" ಅಂದುಬಿಟ್ಟ. ನನಗೆ ಪಿತ್ತ ನೆತ್ತಿಗೇರಿತು. ಪುಷ್ಪಕ್ಕ ಬುಟ್ಟಿ ಎತ್ತಿಕೊಂಡಳು. ಕೊನೆಗೆ ನಾವಿಬ್ಬರೇ ಹೇಗೋ ಕಟ್ಟಿ ಮುಗಿಸಿದೆವು.

ಮಾರ್ಚಿನಲ್ಲಿ, ಭತ್ತ ಕದಿರು ಬಿಡುವ ಹೊತ್ತಿಗೆ, ಒಂದು ಮಳೆ ಸುರಿಯಿತು ನೋಡಿ, ಅಬ್ಬಬ್ಬ! ಕಟ್ಟದ ಹಿಂದೆ ನೀರು ಏರಿ ಗುಣಪಾಲನ ಸೌತೆ ಗದ್ದೆಗೆ ನುಗ್ಗತೊಡಗಿತು. ಏಪ್ರಿಲಿನ ಬಿಸು ಹಬ್ಬದಂದು ಎದ್ದ ಕೂಡಲೇ ನೋಡಲು ಜೋಡಿಸಿಡುವ ಕಣಿಗೆ ಎಲ್ಲರಿಗೂ ಸೌತೆ ಬೇಕು, ಅವನ ಇಡೀ ವರ್ಷದ ಆಸೆ ಆ ಬಳ್ಳಿಯಲ್ಲಿತ್ತು. ಪಾಪ, ದಡದಲ್ಲಿ ನೆನೆಯುತ್ತಾ ನಿಂತಿದ್ದ. ಕಟ್ಟುವಾಗ ಬಾರದವನಿಗೆ ಒಡೆಯಿರಿ ಎನ್ನಲು ಬಾಯಿ ಬರಲಿಲ್ಲ.

"ಮುಳುಗಲಿ ಬಿಡಿ ಪುಷ್ಪಕ್ಕ, ಬುದ್ಧಿ ಬರಲಿ" ಎಂದೆ ನಾನು.

"ಎಂತ ಮಾತು ಕ್ಲೆಟಸಣ್ಣ! ಬಳ್ಳಿ ಎಂತ ತಪ್ಪು ಮಾಡಿದೆ?"

ಸೀರೆ ಎತ್ತಿಕಟ್ಟಿ, ಹಾರೆ ಹಿಡಿದು ಇಳಿದೇಬಿಟ್ಟಳು. ತನ್ನ ಕೈಯಾರೆ ಕಟ್ಟಿದ್ದನ್ನು ತನ್ನ ಕೈಯಾರೆ ಒಡೆದಳು. ಸೌತೆ ಉಳಿಯಿತು.

ಮಳೆ ಮತ್ತೆ ಇತ್ತ ತಲೆ ಹಾಕಲಿಲ್ಲ. ಮತ್ತೆ ಕಟ್ಟ ಹಾಕುವ ಮೊದಲೇ ತೋಡು ಒಣಗಿತು. ಕಟ್ಟದ ನೀರು ನೆಲಕ್ಕೆ ಇಳಿಯದೆ ಗುಣಪಾಲನ ಬೋರ್‌ವೆಲ್ ಕೂಡ ಕೆಮ್ಮತೊಡಗಿತು. ನಮ್ಮ ಬಾವಿಗಳಲ್ಲಿ ತಳದ ನೀರು ಮಾತ್ರ. ಪುಷ್ಪಕ್ಕ ಗದ್ದೆಯ ಆಸೆ ಬಿಟ್ಟು, ಅದರ ಒಂದು ಮೂಲೆಗೆ ಮಾತ್ರ ಕೊಡದಲ್ಲಿ ನೀರು ಹೊತ್ತಳು. ಮಂಡಿ ಊದಿತ್ತು, ಆದರೂ ನಿಲ್ಲಿಸಲಿಲ್ಲ.

"ಇಷ್ಟರಲ್ಲಿ ಒಂದು ಹೊತ್ತಿನ ಗಂಜಿಯಾದರೂ ಆಗುತ್ತದಾ?" ಎಂದು ರೇಗಿದೆ.

"ಗಂಜಿಗೆ ರೇಷನ್ ಅಕ್ಕಿ ಉಂಟು. ಇದು ಬೀಜಕ್ಕೆ" ಎಂದಳು. ಅಂಥ ಹೆಂಗಸಿಗೆ ಕೈ ಮುಗಿಯದೆ ಇನ್ನೇನು ಮಾಡುವುದು? ನಾನೂ ಒಂದು ಕೊಡ ಎತ್ತಿಕೊಂಡೆ.

ಬಿಸುವಿನ ದಿನ ಪಾಯಸಕ್ಕೆ ಕರೆದಿದ್ದಳು. ಕಣಿಯಲ್ಲಿ ಕನ್ನಡಿಯ ಮುಂದೆ ಗುಣಪಾಲ ಕೊಟ್ಟ ಸೌತೆ, ಪಕ್ಕದಲ್ಲಿ ಅವಳ ಕೆಂಪು ಕದಿರು. ಗುಣಪಾಲನೂ ಬಂದು ತಲೆ ತಗ್ಗಿಸಿ ನಿಂತ. "ನನಗೆ ಸುಗ್ಗಿ ಆಯಿತು ಪುಷ್ಪಕ್ಕ, ನಿಮ್ಮದು ಹೋಯಿತು."

ಅವಳು ಒಳಗಿನಿಂದ ಬೀಜದ ಗಂಟು ತಂದು, ಬಿಚ್ಚಿ, ಅವನ ಹೆಗಲಿನ ಬೈರಾಸನ್ನು ಹಾಸಿ ಅರ್ಧವನ್ನು ಅದಕ್ಕೆ ಸುರಿದಳು.

"ನಿಮಗೆ ಮಂಡೆ ಸರಿ ಉಂಟಾ?" ನಾನು ಕೂಗಿಯೇಬಿಟ್ಟೆ.

"ಒಂದೇ ಮನೆಯಲ್ಲಿದ್ದರೆ ಒಂದು ಮಳೆಗೆ ಹೋಗುತ್ತದೆ" ಎಂದಳು. ಅವನು ಅಂಗಳ ದಾಟಿದ ಮೇಲೆ ನನ್ನ ಕಡೆ ತಿರುಗಿ, "ಬೀಜ ಮನೆಯಲ್ಲಿದ್ದರೆ ಕಟ್ಟಕ್ಕೆ ಬಾರದೆ ಎಲ್ಲಿಗೆ ಹೋಗುತ್ತಾನೆ?" ಎಂದು ನಕ್ಕಳು.

ಈ ಡಿಸೆಂಬರಿನಲ್ಲಿ ನಾನು ತೋಡಿಗೆ ಹೋಗುವಷ್ಟರಲ್ಲಿ ಗುಣಪಾಲ ಮೊಣಕಾಲು ನೀರಿನಲ್ಲಿ ನಿಂತು ಕಲ್ಲು ಜೋಡಿಸುತ್ತಿದ್ದ. ತಡವಾಗಿ ಬಂದದ್ದಕ್ಕೆ ನನ್ನನ್ನೇ ಬೈದ.