ತುಪ್ಪವಿಲ್ಲದ ಎಡೆ

ಗೆಳೆಯರೇ, ನಮ್ಮ ಬೆಟಗೇರಿ ಮನೆಯಲ್ಲಿ ಹಾಲು, ತುಪ್ಪ ಬಿಟ್ಟು ವರ್ಷವಾಯಿತು. ಹಟ ಹಿಡಿದು ಎಲ್ಲರನ್ನೂ ಒಪ್ಪಿಸಿದವಳು ನಾನೇ. ಇವತ್ತು ಹಿರಿಯರ ಹಬ್ಬ. ನಮ್ಮತ್ತೆಯ ತೀರಿಹೋದ ಅತ್ತೆಯ ಸೀರೆ ಇಟ್ಟು, ಅದರ ಮುಂದೆ ಹೋಳಿಗೆ ಎಡೆ ಮಾಡಿದೆ. ಪಕ್ಕದ ಬಟ್ಟಲಲ್ಲಿ ತುಪ್ಪದ ಬದಲು ತೆಂಗಿನ ಹಾಲು.

"ನಮ್ಮತ್ತಿ ತುಪ್ಪ ಇಲ್ಲದ ಹೋಳಿಗಿ ಮುಟ್ಟತಿದ್ದಿಲ್ಲ ನೋಡವಾ," ಎಂದರು ಅತ್ತೆ.

"ಈಗ ಅವರಿಗೆ ಗೊತ್ತಾಗತೈತೇನ್ರಿ?" ಎಂದೆ.

ಹಿರಿಯರು ಉಣ್ಣಲೆಂದು ಕೋಣೆಯ ಬಾಗಿಲು ಮುಂದೆಳೆದು, ಮನೆಮಂದಿಯೆಲ್ಲ ಹೊರಗೆ ಕಟ್ಟೆಯ ಮೇಲೆ ಕುಳಿತೆವು. ಒಳಗೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆ ಪದ್ಧತಿಯಂತೆ ಬಾಗಿಲು ತಟ್ಟಿ, ಕೆಮ್ಮಿ, ತೆರೆದರು.

ಕೋಣೆಯ ತುಂಬ ಆಗಷ್ಟೇ ಕಾಸಿದ ತುಪ್ಪದ ವಾಸನೆ. ತೆಂಗಿನ ಹಾಲಿನ ಬಟ್ಟಲು ಗೋಡೆಯ ತನಕ ಸರಿದಿತ್ತು. ತಣ್ಣಗಾಗಿದ್ದ ಹೋಳಿಗೆ ಈಗ ಬೆಚ್ಚಗಿತ್ತು. ಮುಟ್ಟಿದರೆ ಬೆರಳಿಗೆ ತುಪ್ಪ ಹತ್ತಿತು.

ಅತ್ತೆ ಹೋಳಿಗೆ ಮುರಿದು ನನ್ನ ಕೈಗಿಟ್ಟರು. "ಪ್ರಸಾದ. ಬ್ಯಾಡ ಅನಬಾರದು."

ತಿಂದೆ. ಆಮೇಲೆ ಇನ್ನೊಂದನ್ನೂ ತಿಂದೆ.

"ಮುಂದಿನ ವರ್ಷ ತುಪ್ಪ ನಾವ ತರೋಣವಾ," ಎಂದರು ಅತ್ತೆ, ಸೀರೆ ಮಡಚುತ್ತ. "ಪಾಪ, ಆ ವಯಸ್ಸಿನ್ಯಾಗ ಅವರಿಗ್ಯಾಕ ತ್ರಾಸು."