ಎಂಜಿನ್ ನಂಬರಿನ ಮೇಲಿನ ಕುಂಕುಮ

ಅಪ್ಪನ ಹಳೆಯ ಕಾರಿಗೆ ವಿಂಟೇಜ್ ಮಾನ್ಯತೆ ಬೇಕಿತ್ತು. ಪರೀಕ್ಷಕರು ಹುಮನಾಬಾದಿನ ಗ್ಯಾರೇಜಿಗೆ ಬಂದಿದ್ದರು; ನಾನು ಬಸವಕಲ್ಯಾಣದಿಂದ ಕಾರು ಓಡಿಸಿಕೊಂಡು ಹೋದೆ. ಕಾರ್ಖಾನೆಯಲ್ಲಿ ಎಂಜಿನ್ನಿಗೆ ಹೊಡೆದ ನಂಬರು ಆರ್‌ಸಿಯ ನಂಬರಿಗೆ ತಾಳೆಯಾಗಬೇಕು. ಅಪ್ಪ ಯಾವಾಗಲೋ ನಮಗೆ ಹೇಳದೆ ಎಂಜಿನ್ ಬದಲಿಸಿದ್ದರೆ?

ಬಾನೆಟ್ ಎತ್ತಿದಾಗ ನಂಬರೇ ಕಾಣಲಿಲ್ಲ.

"ನಂಬರ್ ಯಾಕ ಮುಚ್ಚೀರಿ?" ಎಂದರು ಪರೀಕ್ಷಕರು, ನಾನು ಕಳ್ಳನೆಂಬಂತೆ.

"ದಸರಾದ ಕುಂಕುಮರಿ ಅದು" ಎಂದೆ.

ಅಪ್ಪ ಆ ಜಾಗವನ್ನು ಕಾರಿನ ಹಣೆ ಎನ್ನುತ್ತಿದ್ದ. ಪ್ರತಿ ದಸರೆಗೂ ಅವ್ವ ಅಲ್ಲಿ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚುತ್ತಿದ್ದಳು. ಅಪ್ಪ ತೀರಿದ ದಿನ ಅವಳ ಹಣೆಯ ಕುಂಕುಮ ಒರೆಸಿದರು. ಕಾರಿಗೆ ಹಚ್ಚುವುದನ್ನು ಅವಳು ಬಿಡಲಿಲ್ಲ.

ಪರೀಕ್ಷಕರು ಸೀಮೆಎಣ್ಣೆಯ ಬಟ್ಟೆಯಿಂದ ತಿಕ್ಕಿದಂತೆ ಒಂದೊಂದೇ ಅಂಕಿ ಮೇಲೆದ್ದಿತು. ಆರ್‌ಸಿಯಲ್ಲಿದ್ದ ಮೂರು ಇಲ್ಲಿ ಎಂಟರಂತೆ ಕಂಡಿತು. ಇನ್ನೊಮ್ಮೆ ತಿಕ್ಕಿದಾಗ ಜಿಡ್ಡು ಹೋಗಿ ಮೂರೇ ಆಯಿತು.

"ಅಸಲಿ ಅದರಿ. ಚಿಂತಿ ಬಿಡ್ರಿ."

ಅವ್ವನಿಗೆ ಏನು ಹೇಳಲಿ ಎಂಬ ಚಿಂತೆ ದಾರಿಯುದ್ದಕ್ಕೂ ಬಿಡಲಿಲ್ಲ. ಮನೆ ಮುಟ್ಟಿದೊಡನೆ ಅವ್ವ ಬಾನೆಟ್ ಎತ್ತಿಸಿ ನೋಡಿದಳು. ಅಂಕಿಗಳು ಬೋಳಾಗಿ ಹೊಳೆಯುತ್ತಿದ್ದವು.

"ಇದರದೂ ಒರಸಿಬಿಟ್ರೇನಪಾ?" ಎಂದಳು.